ಜಿಮ್ನಿಯಾ, ಗೂರ್ಖಾನಾ, ಹಿಂದೊಂದು ಟ್ರೇಲರ್ ಬೇಕಾ? ಪುಣೆಯಿಂದ ಕ್ಯಾಂಪಿಂಗ್‌ಗೆ ಗಾಡಿ ಕಟ್ಟುವ ಬಗ್ಗೆ

ಪ್ರಶ್ನೆ, ಪಿಂಪ್ರಿಯಿಂದ:
ಮನೆಯಲ್ಲಿ ನಾಲ್ಕು ಜನ, ಅದರಲ್ಲಿ ಇಬ್ಬರು ಶಾಲೆಗೆ ಹೋಗುವ ಮಕ್ಕಳು. ತಾಮ್ಹಿಣಿ, ಕೊಂಕಣ, ಚೋರ್ಲಾ ಘಾಟ್ ಇಳಿದು ಗೋವಾ, ಮುಂದೆ ಯಾವಾಗಲಾದರೂ ಹಿಮಾಚಲದ ಸ್ಪಿತಿ. ಒಂದು ಸಲ ಹೊರಟರೆ ಮೂರು-ನಾಲ್ಕು ರಾತ್ರಿ ಹೊರಗೇ ಮಲಗುವ ಯೋಚನೆ. ಮಾರುತಿಯ ಜಿಮ್ನಿ ತಗೊಂಡು ಮೇಲೆ ರೂಫ್ ಟೆಂಟ್ ಹಾಕಿಸೋದಾ, ಫೋರ್ಸ್ ಕಂಪನಿಯ ಐದು ಬಾಗಿಲಿನ ಗೂರ್ಖಾ ತಗೊಳ್ಳೋದಾ, ಇಲ್ಲಾ ಭೋಸರಿಯಲ್ಲಿ ಟ್ರೇಲರ್ ಕಟ್ಟಿಸೋದಾ? ತಿಳಿದವರು ದಯವಿಟ್ಟು ಹೇಳಿ.

ಉತ್ತರ, ಕೋಥ್ರೂಡ್‌ನಿಂದ:
ಸರ್, ಶೋರೂಮಿಗೆ ಹೋಗೋ ಮೊದಲು ಕಾಗದದ ಮೇಲೆ ತೂಕ ಕೂಡಿಸಿ. ಜಿಮ್ನಿಯ ಒಟ್ಟು ಅನುಮತಿ ತೂಕ 1545 ಕೆಜಿ. ಖಾಲಿ ಗಾಡಿಯೇ ಸುಮಾರು 1200. ಉಳಿಯೋದು 345. ನೀವು ನಾಲ್ವರು ಹತ್ತಿದರೆ 220 ಹೋಯಿತು. ರೂಫ್ ಟೆಂಟ್ 55, ಅದರ ಕ್ಯಾರಿಯರ್ 20. ತುಂಬಿದ 40 ಲೀಟರ್ ಫ್ರಿಜ್ 30. ಇನ್ನು 20 ಲೀಟರಿನ ಒಂದು ಕ್ಯಾನ್ ನೀರಿಟ್ಟರೆ ಲೆಕ್ಕ ಸೊನ್ನೆ. ಹಾಸಿಗೆ, ಪಾತ್ರೆ, ಬ್ಯಾಟರಿ, ಬಟ್ಟೆ ಎಲ್ಲ ಇನ್ನೂ ಅಂಗಳದಲ್ಲೇ ಇವೆ! ಇಬ್ಬರಿಗೆ ಜಿಮ್ನಿ ಒಳ್ಳೆ ಗಾಡಿ, ನಾಲ್ವರಿಗೆ ಅಲ್ಲ.

ಗೂರ್ಖಾದಲ್ಲಿ ಜಾಗ ಇದೆ, 2.6 ಲೀಟರ್ ಡೀಸೆಲ್ ಇದೆ, ಹಿಂದೆ ಮುಂದೆ ಎರಡೂ ಡಿಫರೆನ್ಶಿಯಲ್‌ಗೆ ಲಾಕ್ ಇದೆ (ಒಂದು ಗಾಲಿ ಜಾರಿದರೂ ಇನ್ನೊಂದು ಎಳೆಯುತ್ತೆ). ಕಂಪನಿ ಆಕುರ್ಡಿಯದ್ದೇ ಆಗಿರೋದರಿಂದ ಬಿಡಿಭಾಗಕ್ಕೆ ಪುಣೆಯವರು ಅಷ್ಟು ಅಲೆಯಬೇಕಿಲ್ಲ. ಹೆದ್ದಾರಿಯಲ್ಲಿ ಕಾರಿನ ಸುಖ ಮಾತ್ರ ಬಯಸಬೇಡಿ.

ರೂಫ್ ಟೆಂಟ್ ಬಗ್ಗೆ ಒಂದು ಮಾತು. ಕೈಪಿಡಿಯಲ್ಲಿ ಕೊಟ್ಟಿರುವ ಚಾವಣಿಯ ಮಿತಿ ಓಡುವ ಗಾಡಿಗೆ. ನಿಂತ ಗಾಡಿಗೆ ಕುಲುಕಾಟ, ಬ್ರೇಕಿನ ಎಳೆತ ಇರೋದಿಲ್ಲ, ಹಾಗಾಗಿ ಜನ ಮೇಲೆ ಮಲಗಿದರೂ ತಡೆಯುತ್ತೆ. ಆದರೆ ಟೆಂಟ್ ಮತ್ತು ಕ್ಯಾರಿಯರ್ ಎರಡರ ತೂಕವೂ ಓಡುವ ಮಿತಿಯೊಳಗೇ ಇರಬೇಕು. ವರಂಧಾ ಘಾಟಿನ ತಿರುವುಗಳಲ್ಲಿ ತಲೆಭಾರ ಚೆನ್ನಾಗಿ ಗೊತ್ತಾಗುತ್ತೆ. ನನ್ನ ಪ್ರಕಾರ ನೆಲದ ಟೆಂಟೇ ವಾಸಿ: 10–12 ಕೆಜಿ, ಸಂಜೆ ಗಾಡಿ ತಗೊಂಡು ಹಾಲು ತರೋಕೆ ಹೋದರೂ ಮನೆ ಅಲ್ಲೇ ಇರುತ್ತೆ.

ಒಳಗೆ ಡ್ರಾಯರ್ ಮಾಡಿಸುವುದಾದರೆ ಐಎಸ್ 710 ಗುರುತಿನ ಮರೀನ್ ಪ್ಲೈ, 12 ಮಿಮೀ ಸಾಕು. ಎಂಟಡಿ ನಾಲ್ಕಡಿ ಹಾಳೆಯೇ 23–25 ಕೆಜಿ ತೂಗುತ್ತೆ. ಬಡಗಿ ರೂಢಿಯಲ್ಲಿ 18 ಮಿಮೀ ಹಾಕಿದರೆ ಅದೇ ಹಾಳೆ ಒಂದೂವರೆ ಪಟ್ಟು.

ಉತ್ತರ, ಭೋಸರಿಯಿಂದ, ಫ್ಯಾಬ್ರಿಕೇಶನ್ ಕೆಲಸದವರು:
ಟ್ರೇಲರ್ ಬೇಕಂದ್ರ ಮೊದಲ ಅಳತಿ ತಿಳ್ಕೋರಿ. ಸಾಮಾನು ತುಂಬಿ 500 ಕೆಜಿ ದಾಟಬಾರ್ದು. ಪೆಟ್ಟಿಗಿ 1.8 ಮೀಟರ್ ಉದ್ದ, 1.2 ಅಗಲ. ಅದರ ಮುಂದ ಎಳಿಯೋ ದಂಡ 1.6 ಮೀಟರ್. ಆಕ್ಸಲ್ ಪೆಟ್ಟಿಗಿ ನಟ್ಟನಡುವ ಇಡಬ್ಯಾಡ್ರಿ, 10 ಸೆಂ.ಮೀ. ಹಿಂದ ಸರಸ್ರಿ. ಆಗ ಹಿಚ್‌ನಿಂದ ಆಕ್ಸಲ್‌ಗೆ 2.6 ಮೀಟರ್ ಆಗ್ತದ. ಹಿಚ್ ಅಂದ್ರ ಟ್ರೇಲರನ್ನ ಗಾಡಿಗೆ ಸಿಗಿಸೋ ಕೊಂಡಿ.

ಹಿಚ್ ಮ್ಯಾಲೆ ಬೀಳೋ ಭಾರ ಒಟ್ಟು ತೂಕದ ನೂರಕ್ಕ ಹತ್ತು ಇರಬೇಕು, ಅಂದ್ರ 50 ಕೆಜಿ. ಅದಕ್ಕ ಸಾಮಾನು ಸೇರಿ ಟ್ರೇಲರಿನ ಒಟ್ಟು ತೂಕದ ನಡುಬಿಂದು ಆಕ್ಸಲ್‌ಗಿಂತ 26 ಸೆಂ.ಮೀ. ಮುಂದ ಬರಬೇಕು. ಕಮ್ಮಿ ಆತಂದ್ರ 70–80ರ ವೇಗದಾಗ ಟ್ರೇಲರ್ ಬಾಲ ಅಲ್ಲಾಡಸ್ತದ, ಅಲ್ಲಾಡಾಕ ಸುರು ಆದ ಮ್ಯಾಲ ಬ್ರೇಕ್ ಒತ್ತಿದ್ರ ಇನ್ನೂ ಹೆಚ್ಚಾಗ್ತದ. ಆಕ್ಸಿಲರೇಟರ್ ಮ್ಯಾಲಿನ ಕಾಲು ತಗೀರಿ, ಸ್ಟೇರಿಂಗ್ ನೆಟ್ಟಗ ಹಿಡೀರಿ. ಭಾರ ನೋಡಾಕ ದೊಡ್ಡ ಕಾಟಾ ಬ್ಯಾಡ. ಮನಿಯಾಗಿನ ತೂಕದ ಯಂತ್ರ ನೆಲಕ್ಕಿಟ್ಟು, ಅದರ ಮ್ಯಾಲೆ ಕಟ್ಟಿಗಿ ತುಂಡು ನಿಲ್ಲಿಸಿ, ಹಿಚ್ ಎತ್ತರಕ್ಕ ಸರಿಯಾಗಿ ದಂಡ ಇಳಸ್ರಿ. ಆತು.

ನೀರಿನ ಟ್ಯಾಂಕ್ ಆಕ್ಸಲ್ ಮ್ಯಾಲೇ ಇರ್ಲಿ. 60 ಲೀಟರ್ ಟ್ಯಾಂಕ್ ಆಕ್ಸಲ್‌ಗಿಂತ 80 ಸೆಂ.ಮೀ. ಮುಂದ ಇಟ್ರ, ನೀರು ಖಾಲಿ ಆದಂಗ ಹಿಚ್ ಭಾರ 18 ಕೆಜಿ ಇಳೀತದ. ಹೊರಟಾಗ ಸರಿ ಇದ್ದದ್ದು ವಾಪಸ್ ಬರೂಮುಂದ ಅಲ್ಲಾಡಾಕ ಹತ್ತಾದು ಇದಕ್ಕ.

ಚೌಕಟ್ಟಿಗೆ 50×50×3 ಮಿಮೀ ಚೌಕ ಪೈಪ್, ದಂಡಕ್ಕ 75×50×3. ದಂಡನ್ನ ಪೆಟ್ಟಿಗಿ ಮುಂಭಾಗಕ್ಕ ಬರೇ ಅಂಟಿಸಿ ಬಿಟ್ರ ಅಲ್ಲೇ ಸೀಳ್ತದ. ಅದು ಚೌಕಟ್ಟಿನ ಕೆಳಗ ಹಾದು ಪಾಟಾದ (ಪಟ್ಟಿ ಸ್ಪ್ರಿಂಗಿನ) ಮುಂದಿನ ಬ್ರ್ಯಾಕೆಟ್ ತನಕಾ ಹೋಗಬೇಕು. ವೆಲ್ಡಿಂಗ್ ಉದ್ದಕ್ಕ ಹೊಡಸ್ರಿ, ಪೈಪಿಗೆ ಅಡ್ಡ ಹೊಡದ್ರ ಬಿರುಕು ಅಲ್ಲಿಂದನ ಸುರು.

ಟೆಂಪೋದ ಹಳೇ ಪಾಟಾ ಸೋವಿ ಸಿಗ್ತದಂತ ಹಾಕಬ್ಯಾಡ್ರಿ. ಅದು ಟನ್‌ಗಟ್ಟಲೆ ಭಾರಕ್ಕ ಮಾಡಿದ್ದು, 500 ಕೆಜಿಗೆ ಬಗ್ಗೂದಿಲ್ಲ. ಟ್ರೇಲರ್ ಪುಟಿದು ಪುಟಿದು ಒಳಗಿನ ಸ್ಟೋವ್, ಕೀಲು ಎಲ್ಲಾ ಸಡಲ ಮಾಡ್ತದ. ಗಾಲಿ, ಬೋಲ್ಟ್ ಅಂತರ ಎಳಿಯೋ ಗಾಡಿದ್ದೇ ಇರ್ಲಿ, ಒಂದ ಸ್ಟೆಪ್ನಿ ಎರಡಕ್ಕೂ ಆಗ್ತದ.

ಕೊಂಕಣದ ಉಪ್ಪುಗಾಳಿಗೆ ಬಣ್ಣ ಸಾಲೂದಿಲ್ಲ, ಗ್ಯಾಲ್ವನೈಸ್ ಮಾಡಸ್ರಿ. ಆದ್ರ ಎಲ್ಲಾ ತೂತು, ವೆಲ್ಡಿಂಗ್ ಮುಗದ ಮ್ಯಾಲೆ. ಬಾಯಿ ಮುಚ್ಚಿದ ಪೈಪಿಗೆ ಗಾಳಿ ಹೋಗಾಕ ತೂತು ಇರಲೇಬೇಕು, ಇಲ್ಲಾಂದ್ರ ಕರಗಿದ ಸತುವಿನಾಗ ಮುಳುಗಿಸಿದಾಗ ಪೈಪ್ ಸಿಡೀತದ.

ಉತ್ತರ, ಠಾಣೆಯಿಂದ:
ಮೇಲಿನ ಅಳತೆ ಎಲ್ಲ ಸರಿ, ಆದರೆ ಕಾಗದದ ವಿಷಯ ಬಿಟ್ಟುಹೋಗಿದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ವಾಹನವೇ, ಅದಕ್ಕೂ ನೋಂದಣಿ ಬೇಕು. ಗಲ್ಲಿಯಲ್ಲಿ ಬೆಸೆದದ್ದನ್ನು ತಗೊಂಡು ಆರ್‌ಟಿಒ ಮುಂದೆ ನಿಂತರೆ ಕೆಲಸ ಆಗೋಲ್ಲ. ಮಾದರಿ ಅನುಮೋದನೆ ಇರುವ ತಯಾರಕರ ಟ್ರೇಲರ್ ಕೊಂಡು, ಒಳಗಿನ ಅಡುಗೆ ಕಟ್ಟೆ, ಡ್ರಾಯರ್ ಮಾತ್ರ ನೀವು ಮಾಡಿಸಿ. ಭೋಸರಿಯವರು ಹೇಳಿದ ಅಳತೆಗಳನ್ನು ಕೊಳ್ಳುವಾಗ ಪರೀಕ್ಷೆಗೆ ಇಟ್ಟುಕೊಳ್ಳಿ. ಗಾಡಿಗೂ ಅಷ್ಟೇ: ಕಲಂ 52ರ ಪ್ರಕಾರ ಆರ್‌ಸಿ ವಿವರ ಬದಲಾಗುವಂಥ ಮಾರ್ಪಾಡು ಮಾಡುವಂತಿಲ್ಲ. ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಡ್ರಾಯರ್ ಬೇರೆ, ಸೀಟು ಕಿತ್ತು ಶಾಶ್ವತ ಮಂಚ ಕೂರಿಸುವುದು ಬೇರೆ. ಬಂಪರ್ ಮುಂದೆ ಕಬ್ಬಿಣದ ಬುಲ್ ಬಾರ್ ಬೇಡವೇ ಬೇಡ.

ಉತ್ತರ, ಚಿಂಚವಡದಿಂದ:
ಕರೆಂಟಿನ ಲೆಕ್ಕ ನಾನು ಹೇಳ್ತೀನಿ. 40 ಲೀಟರಿನ ಕಂಪ್ರೆಸರ್ ಫ್ರಿಜ್ ಓಡುವಾಗ 45 ವಾಟ್ ತಿನ್ನುತ್ತೆ. ಏಪ್ರಿಲ್-ಮೇ ಸೆಕೆಗೆ ದಿನದ ಅರ್ಧ ಹೊತ್ತು ಓಡಿತು ಅಂತಿಟ್ಟರೆ 540 ವಾಟ್-ಅವರ್. ದೀಪ, ಫ್ಯಾನ್, ಮೊಬೈಲಿಗೆ ಇನ್ನೊಂದು 100. ನೂರು ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ಇರುತ್ತೆ, ಎರಡು ದಿನ ಬರುತ್ತೆ.

ಅದನ್ನು ಆಲ್ಟರ್ನೇಟರಿಗೆ (ಎಂಜಿನ್ ಓಡುವಾಗ ಕರೆಂಟ್ ಕೊಡುವ ಯಂತ್ರಕ್ಕೆ) ನೇರ ಜೋಡಿಸಬೇಡಿ. ಲಿಥಿಯಂ ಸಿಕ್ಕಷ್ಟೂ ಆಂಪಿಯರ್ ಎಳೆದು ಆಲ್ಟರ್ನೇಟರ್ ಕಾಯಿಸುತ್ತೆ. ಈಗಿನ ಹಲವು ಬಿಎಸ್6 ಗಾಡಿಗಳಲ್ಲಿ ಇಸಿಯು (ಎಂಜಿನಿನ ಕಂಪ್ಯೂಟರ್) ವೋಲ್ಟೇಜ್ ಇಳಿಸುವುದರಿಂದ ಬ್ಯಾಟರಿ ಪೂರ್ತಿ ತುಂಬುವುದೂ ಇಲ್ಲ. ನಡುವೆ, ಕರೆಂಟನ್ನು ಹದದಲ್ಲಿಡುವ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿ. ನಾಲ್ಕು ಗಂಟೆ ಓಡಿಸಿದರೆ 80 ಆಂಪಿಯರ್-ಅವರ್ ವಾಪಸ್.

ಎಲೆಕ್ಟ್ರೀಷಿಯನ್‌ಗಳು ಎಡವೋದು ವೈರಿನಲ್ಲಿ. ಬಾನೆಟ್‌ನಿಂದ ಡಿಕ್ಕಿವರೆಗೆ 5 ಮೀಟರ್, ಹೋಗಿ ಬಂದು 10. ಚಾರ್ಜರ್ ಸುಮಾರು 24 ಆಂಪಿಯರ್ ಎಳೆಯುವಾಗ 6 ಚದರ ಮಿಮೀ ವೈರಿನಲ್ಲಿ 0.7 ವೋಲ್ಟ್ ಸೋರುತ್ತೆ, 16 ಚದರ ಮಿಮೀ ಆದರೆ ಕಾಲು ವೋಲ್ಟ್. 16ರದ್ದೇ ತಗೊಳ್ಳಿ, ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಹುಡುಕಿದರೆ ಸಿಗುತ್ತೆ. 40 ಆಂಪಿಯರ್ ಫ್ಯೂಸ್ ಎರಡೂ ಬ್ಯಾಟರಿಯ ಹತ್ತಿರ, ಒಂದು ಗೇಣಿನೊಳಗೆ. ಟ್ರೇಲರ್ ದೀಪಗಳಿಗೆ ಅರ್ಥಿಂಗ್ ವೈರ್ ಬೇರೆ ಎಳೆಯಿರಿ. ಹಿಚ್‌ನ ಗುಂಡಿನ ಮೂಲಕವೇ ಅರ್ಥಿಂಗ್ ಆಗಲಿ ಅಂತ ಬಿಟ್ಟರೆ ಗ್ರೀಸ್, ತುಕ್ಕು ಸೇರಿ ಇಂಡಿಕೇಟರ್ ಮಂಕಾಗುತ್ತೆ.

ಸ್ಪಿತಿಗೆ ಹೋಗೋದಾದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜಿಂಗ್ ತಾನೇ ನಿಲ್ಲಿಸುವ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಇರುವ ಬ್ಯಾಟರಿಯೇ ಬೇಕು. ಆ ಚಳಿಯಲ್ಲಿ ಚಾರ್ಜ್ ಆದರೆ ಸೆಲ್ ಶಾಶ್ವತವಾಗಿ ಕೆಡುತ್ತೆ.

ಉತ್ತರ, ಮಡಗಾಂವ್‌ನಿಂದ:
ಗೋವಾದಲ್ಲಿ ಬೀಚಿನ ಮೇಲೆ ಗಾಡಿ ಇಳಿಸೋದು ನಿಷಿದ್ಧ, ಫೋರ್ ಬೈ ಫೋರ್ ಇದೆ ಅಂತ ಆಸೆಪಡಬೇಡಿ. ಪ್ರವಾಸಿ ತಾಣಗಳಲ್ಲಿ ಬಯಲಲ್ಲಿ ಅಡುಗೆ ಮಾಡುವುದಕ್ಕೂ 2019ರಿಂದ ದಂಡ ಇದೆ; ಆಗ ಒಬ್ಬರಿಗೆ 2,000, ಗುಂಪಿಗೆ 10,000 ರೂಪಾಯಿ ಇತ್ತು. ಯಾರದಾದರೂ ತೋಟದಲ್ಲಿ ಕೇಳಿಕೊಂಡು ಉಳಿಯಿರಿ. ಗ್ಯಾಸಿಗೆ 5 ಕೆಜಿ ಸಿಲಿಂಡರ್ ಸಾಕು, ಆದರೆ ಅದನ್ನಿಡುವ ಗೂಡಿಗೆ ತಳದಲ್ಲೇ ಹೊರಗೆ ತೆರೆಯುವ ತೂತು ಇರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹಾಗಾದರೆ ಗೂರ್ಖಾ, ನೆಲದ ಟೆಂಟ್, ಒಂದು ಬ್ಯಾಟರಿ. ಟ್ರೇಲರ್ ಆಮೇಲೆ ನೋಡ್ತೀನಿ. ಭೋಸರಿಯವರೇ, ಕೊಂಕಣದ ದಾಭೋಳದಲ್ಲಿ ಬೋಟಿಗೆ ಗಾಡಿ ಹತ್ತಿಸುವಾಗ ಉಪ್ಪುನೀರು ತಾಗುತ್ತಲ್ಲ, ಟ್ರೇಲರ್ ಬೇರಿಂಗ್ ಕೆಡೋದಿಲ್ಲವೇ?

ಭೋಸರಿಯವರು:
ಕೆಡ್ತದ. ಓಡಿ ಬಂದ ಹಬ್, ಅಂದ್ರ ಬೇರಿಂಗ್ ಕೂರೋ ಗಾಲಿ ನಡುಭಾಗ, ಬಿಸಿ ಇರ್ತದ. ತಣ್ಣೀರು ತಾಗಿದ ಕೂಡ್ಲೇ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಎಳಕೊಳ್ತದ. ಇಳಿಯೂಕಿಂತ ಮೊದಲ ಅರ್ಧ ತಾಸು ನಿಲ್ಲಸ್ರಿ, ಚಹಾ ಕುಡೀರಿ. ಊರಿಗೆ ಬಂದ ಮ್ಯಾಲೆ ಬೇರಿಂಗ್ ಬಿಚ್ಚಿ ನೋಡ್ರಿ, ಗ್ರೀಸ್ ಹಾಲಿನಂಗ ಬೆಳ್ಳಗಾಗಿದ್ರ ನೀರು ಹೊಕ್ಕದ ಅಂತನ ತಿಳೀರಿ. ತೊಳದು, ಹೊಸ ಗ್ರೀಸ್ ತುಂಬಿ, ಸೀಲ್ ಹೊಸಾದು ಹಾಕ್ರಿ. ನಟ್ ಬಿಗಿ ಮಾಡೂಮುಂದ ಗಾಲಿ ತಿರಗಸ್ತಾ ಇರ್ರಿ. ಗಾಲಿ ಬಿಗಿ ಹಿಡಿದ ಮ್ಯಾಲೆ ಸಡಲ ಬಿಟ್ಟು, ಬರೇ ಬೆರಳಿಂದ ಮತ್ತ ಬಿಗದು, ನಟ್ ತಿರಗದಂಗ ಹೊಸ ಕಾಟರ್ ಪಿನ್ ಚುಚ್ರಿ. ಮುಂದಿನ ಸಲ 50 ಕಿ.ಮೀ. ಓಡಿದ ಮ್ಯಾಲೆ ಹಬ್ ಮುಟ್ಟಿ ನೋಡ್ರಿ. ಬೆಚ್ಚಗಿದ್ರ ಸರಿ, ಕೈ ಇಡಾಕ ಆಗ್ಲಿಲ್ಲಂದ್ರ ನಟ್ ಅತಿ ಬಿಗಿ ಆಗೇದ.