ಸಹಾಯಾರ್ಥ ಸಂಗೀತ ಸಂಜೆ ಮಾಡೋದೈತಿ, ಹೋದ ಸಲದ ತಪ್ಪು ಮತ್ತ ಆಗಬಾರದು: ಹುಬ್ಬಳ್ಳಿ-ಧಾರವಾಡದವರು ದಾರಿ ಹೇಳ್ರಿ

ಉಣಕಲ್ಲ ಗಿಟಾರ್ (ಪ್ರಶ್ನೆ)

ಎಲ್ಲಾರಿಗೂ ನಮಸ್ಕಾರ್ರಿ. ನಾವು ಹುಬ್ಬಳ್ಳಿಯ ನಾಲ್ಕು ಮಂದಿ, ಏಳು ವರ್ಷದಿಂದ ಕೂಡಿ ಹಾಡ್ತೀವಿ. ನಂದು ಗಿಟಾರ್ ಮತ್ತ ಹಾಡು, ಒಬ್ಬಾಂವ ತಬಲಾ, ಒಬ್ಬಾಕಿ ಕೊಳಲು, ಇನ್ನೊಬ್ಬಾಂವ ಕೀಬೋರ್ಡ್. ಶರೀಫಜ್ಜನ ತತ್ವಪದ, ವಚನ, ಅಷ್ಟಿಷ್ಟು ನಾವೇ ಕಟ್ಟಿದ ಹಾಡು. ಬೆನ್ನಿಗೆ ಯಾವ ಕಂಪನಿನೂ ಇಲ್ಲ. ಆರತಕ್ಷತೆ, ಕಾಲೇಜಿನ ಗ್ಯಾದರಿಂಗ್, ಜಾತ್ರಿ, ಕರೆದಲ್ಲಿ ಹೋಗಿ ಹಾಡಿ ಬರ್ತೀವಿ.

ನಮ್ಮ ತಬಲಾದಾಂವನ ಅಪ್ಪ ಕುಂದಗೋಳ ಕಡೆ ಹಳ್ಳಿಯವರು. ಎರಡೂ ಕಿಡ್ನಿ ಹೋಗಿ ಒಂದೂವರೆ ವರ್ಷ ಆತು. ಸೋಮವಾರ, ಬುಧವಾರ, ಶುಕ್ರವಾರ ಹುಬ್ಬಳ್ಳಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗ್ತಾರ. ಹೋದ ತಿಂಗಳು ಮಗ ಪರಊರಿಗೆ ಬಾರಿಸಾಕ ಹೋಗಿದ್ದ, ಅವರ ಸಂಗಾಟ ನಾ ಹೋಗಿದ್ದೆ. ಮಷೀನ್ ಹಚ್ಚೋಕಿಂತ ಮೊದಲು ಎಡಗೈ ಮುಂದ ಚಾಚಿ, "ಇಲ್ಲಿ ಮುಟ್ಟಿ ನೋಡೋ ತಮ್ಮಾ" ಅಂದ್ರು. ಮಣಿಕಟ್ಟಿನ ಮ್ಯಾಲ ನರ ಉಬ್ಬಿ ಹುರಿ ಹಗ್ಗ ಆಗಿತ್ತು. ಬೆರಳು ಇಟ್ಟೆ. ಒಳಗ ಒಂದೇ ಸವನ ಗುಂಯ್ ಅಂತ ನಡುಗತಿತ್ತು, ತಂಬೂರಿ ಬುರುಡಿ ಮ್ಯಾಲ ಕೈ ಇಟ್ಟಂಗ. ಅವರು ಊರಾಗ ಭಜನಾ ಮೇಳದಾಗ ಹಾಡಿದವರು. "ಷಡ್ಜ ಹಿಡದೈತಿ, ಅದು ನಿಂತ ದಿನ ನಂದೂ ನಿಂತಂಗ" ಅಂದ್ರು. ಆವತ್ತು ರಾತ್ರಿ ನಂಗ ನಿದ್ದಿ ಬರಲಿಲ್ಲ.

ಅವರಿಗಷ್ಟೇ ಅಲ್ಲ, ಅವರ ಜೋಡಿ ಹೊರಗ ಬೆಂಚಿನ ಮ್ಯಾಲ ಕುಂತವರಿಗೆಲ್ಲ ಏನರ ಮಾಡಬೇಕು ಅನ್ನೋದು ನಮ್ಮ ಆಸೆ. ಆದ್ರ ಹೋದ ವರ್ಷದ್ದು ಮನಸಿನಾಗ ಕೊರಿತೈತಿ. ಒಂದು ಕೂಸಿನ ಹಾರ್ಟ್ ಆಪರೇಷನ್ನಿಗೆ ಅಂತ ಕಾರ್ಯಕ್ರಮ ಮಾಡಿದ್ವಿ. ಕೂಡಿದ್ದು 61,400 ರೂಪಾಯಿ. ಹಾಲ್ ಬಾಡಿಗಿಗೆ 15,000, ಸೌಂಡು-ಲೈಟಿಗೆ 14,000, ಫ್ಲೆಕ್ಸು-ಕಾರ್ಡಿಗೆ 4,500, ಬಂದವರ ಚಾ-ಉಪ್ಪಿಟ್ಟಿಗೆ 5,000. ಕೂಸಿನ ಕೈಗೆ ಹೋಗಿದ್ದು 22,900. ತಬಲಾದಾಂವ ಆ ಸಂಜಿ 3,000 ರೂಪಾಯಿದ್ದೊಂದು ಮದುವಿ ಬಿಟ್ಟು ಬಂದಿದ್ದ, ಅವಂಗ ನಾವು ಕೊಟ್ಟಿದ್ದು ಒಂದು ಶಾಲು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದೈತಿ. ಆ ಕೂಸಿನ ತಾಯಿಯನ್ನ ಸ್ಟೇಜಿಗೆ ಕರೆದ್ವಿ. ರಟ್ಟಿನ ದೊಡ್ಡ ಚೆಕ್ಕು ಕೈಗೆ ಕೊಟ್ವಿ, ನಿರೂಪಣೆ ಮಾಡೋರು ಮೈಕು ಹಿಡದು "ಎರಡು ಮಾತು ಹೇಳ್ರಿ ಅಕ್ಕಾರ" ಅಂದ್ರು. ಆಕಿ ಸೆರಗಿನ ತುದಿ ಬೆರಳಿಗೆ ಸುತ್ತಿಕೋತ ನಿಂತ್ಲು, ಬಾಯಿಂದ ಒಂದು ಮಾತು ಬರಲಿಲ್ಲ. ಜನ ಚಪ್ಪಾಳಿ ಹೊಡದ್ರು. ನಾ ಬಾಜೂಕನ ಗಿಟಾರ್ ಹಿಡಕೊಂಡು ನಿಂತಿದ್ದೆ, ತಡೀಲಿಲ್ಲ.

ಈ ಸಲ ಹೆಂಗ ಮಾಡಬೇಕು? ಖರ್ಚಿನಾಗ ದಾನ ಮುಳುಗಬಾರದು, ರೊಕ್ಕ ಖರೇನ ಬೇಕಾದಲ್ಲೇ ಮುಟ್ಟಬೇಕು. ಬಿಪಿಎಲ್ ಕಾರ್ಡ್ ಇದ್ದವರಿಗೆ ಡಯಾಲಿಸಿಸ್ ಫ್ರೀ ಅಂತಾರ, ಹಂಗಾದ್ರ ನಾವು ಯಾತಕ್ಕ ಕೂಡಿಸಬೇಕು? ಆಸ್ಪತ್ರಿಯ ಒಳಗ ಹೋಗಿ ಹಾಡಿದ್ರ ನಡೀತೈತೇನು? ಅನುಭವ ಇದ್ದವರು ತಿಳಿಸ್ರಿ.

ಪೇಟಿ ಮಾಸ್ತರ, ಗದಗ

ತಮ್ಮಾ, ಆ ತಾಯಿಯ ಮಾತು ಬರದಿಯಲ್ಲ, ಅದಕ್ಕ ಉತ್ತರ ಬರೀಬೇಕು ಅನಿಸ್ತು.

ನಮ್ಮ ಭಾಗದಾಗ ಹಾಡಿ-ಆಡಿ ರೊಕ್ಕ ಕೂಡಿಸಿ ಮಂದಿನ್ನ ಸಾಕಿದ್ದು ಹೊಸಾದಲ್ಲ. ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿ ಕಟ್ಟಿದ್ದು ಹೆಸರಿಗಲ್ಲ, ಕಣ್ಣಿಲ್ಲದ ಹುಡುಗರ ಹೊಟ್ಟಿಗೆ ರೊಟ್ಟಿ, ನಾಲಿಗಿಗೆ ಸ್ವರ ಕೊಡಾಕ. 1944ರಾಗ ಅವರು ಲಿಂಗೈಕ್ಯರಾದ ಮ್ಯಾಲ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರ ತನಕ ಆ ಹುಡುಗರ ಆಸರೆಯಾದ ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರ ಹೊತ್ತರು. ಊರೂರಿನ ಭಕ್ತರು ಅಜ್ಜಾವರಿಗೆ ನಾಣ್ಯದ ತುಲಾಭಾರ ಮಾಡ್ತಿದ್ರು, ಆ ರೊಕ್ಕ ಆಶ್ರಮದ ಮಕ್ಕಳಿಗೆ. ತಕ್ಕಡಿಯೊಳಗ ಕುಂತವರು ಅಜ್ಜಾರು, ಹುಡುಗರನ್ನ ಕೂಡಿಸಿ ತೂಗಲಿಲ್ಲ. ನಿನ್ನ ರಟ್ಟಿನ ಚೆಕ್ಕಿಗೂ ಇದಕ್ಕೂ ಇರೋ ಅಂತರ ಇದ.

ಈಗ ಖರ್ಚಿನ ಮಾತು. ಬಾಡಿಗಿ ಹಾಲ್ ಯಾಕ ಬೇಕು? ಸೌಂಡ್ ಯಾಕ ಬೇಕು? ತಬಲಾ, ಕೊಳಲು, ಗಿಟಾರ್, ನಿನ್ನ ಗಂಟಲು, ಇಷ್ಟಕ್ಕ ಧಾರವಾಡದ ಹಳೇ ಮನಿ ಪಡಸಾಲಿ ಸಾಕು. ಮನಿ ಬೈಠಕ್ ಮಾಡು. ಜಮಖಾನಿ ಹಾಸು, ಅರವತ್ತು ಮಂದಿ ಕುಂಡ್ರಲಿ, ಮೈಕು ಬ್ಯಾಡ. ಕೀಬೋರ್ಡ್ ಬದಲಿ ಆ ಹುಡುಗ ಪೇಟಿ (ಹಾರ್ಮೋನಿಯಂ) ಹಿಡೀಲಿ, ಬರಲಿಲ್ಲಂದ್ರ ನಾ ಗದಗದಿಂದ ಪೇಟಿ ತಗೊಂಡು ಬರ್ತೀನಿ. ಒಂದು ದೊಡ್ಡ ಕಾರ್ಯಕ್ರಮಕ್ಕಿಂತ ಇಂಥಾ ನಾಲ್ಕು ಬೈಠಕ್ ನಿನಗ ಹೆಚ್ಚು ರೊಕ್ಕ ಉಳಸ್ತಾವು. ಹತ್ತಿರ ಕುಂತು ಕೇಳಿದಾಂವ ಕೈ ಬಿಚ್ಚಿ ಕೊಡ್ತಾನ, ಇದು ನಾ ಕಣ್ಣಾರೆ ಕಂಡಿದ್ದು.

ಮತ್ತ ಸಾಥ್ ಕೊಡೋ ತಬಲಾದಾಂವಗ ರೊಕ್ಕದ ಲಕೋಟಿ ಕೊಡೋದು ತಪ್ಪಿಸಬ್ಯಾಡ. ಅವರಪ್ಪಗ ಕಾಯಿಲೆ ಇದ್ರೂ ಕೊಡು, ಇದ್ದದ್ದಕ್ಕ ಇನ್ನೂ ಮೊದಲ ಕೊಡು. ಅವನ ಮನಿ ಒಲಿ ಉರಿಯೋದು ಆ ಕೈಯಿಂದ. ಆ ಲಕೋಟಿ ದಾನದ ಡಬ್ಬಿಯಿಂದ ತೆಗೀಬ್ಯಾಡ, ಮನಿ ಬಿಟ್ಟುಕೊಟ್ಟವರು, ಅಂಗಡಿಯವರು ಯಾರರ ಇಬ್ಬರು ಮೊದಲೇ ವಹಿಸಿಕೊಳ್ಳಲಿ.

ನವನಗರದ ಸಿಸ್ಟರ್

ಒಂಬತ್ತು ವರ್ಷ ಡಯಾಲಿಸಿಸ್ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ, ಅದರ ಮೇಲೆ ಹೇಳುತ್ತೇನೆ.

ನೀವು ಮುಟ್ಟಿದ್ದು ಫಿಸ್ಟುಲಾ. ಡಯಾಲಿಸಿಸ್‌ಗಾಗಿ ಕೈಯ ಶುದ್ಧ ರಕ್ತನಾಳವನ್ನು ಪಕ್ಕದ ಅಶುದ್ಧ ರಕ್ತನಾಳಕ್ಕೆ ಜೋಡಿಸಿ ಹೊಲಿದಿರುತ್ತಾರೆ. ರಕ್ತ ಜೋರಾಗಿ ನುಗ್ಗುವುದರಿಂದ ಆ ನಡುಕ. ಪೇಷಂಟ್‌ಗೆ ನಾವು ಹೇಳಿಕೊಡುವುದೂ ಅದನ್ನೇ: ದಿನಾ ಬೆಳಿಗ್ಗೆ ಮುಟ್ಟಿ ನೋಡಿ, ನಡುಕ ಇಲ್ಲದಿದ್ದರೆ ತಕ್ಷಣ ಬನ್ನಿ. ಅಪ್ಪಾಜಿ ನಿಮಗೆ ಹೇಳಿದ್ದು ಬರೀ ಮಾತಲ್ಲ. ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ಆ ಕೈಯಲ್ಲಿ ಭಾರ ಎತ್ತಬಾರದು, ಬಿಗಿ ಬಳೆ-ವಾಚು ಹಾಕಬಾರದು.

ದುಡ್ಡು ಯಾತಕ್ಕೆ ಅಂದಿರಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಯೋಜನೆಯಲ್ಲಿ ಆ ಚಿಕಿತ್ಸೆಗೆ ಗೊತ್ತುಮಾಡಿದ ದರದ, ಶೇ 30 ಮಾತ್ರ. ಅದರಲ್ಲಿ ಮಷೀನಿನ ನಾಲ್ಕು ತಾಸು ಸಾಗುತ್ತದೆ. ಆ ನಾಲ್ಕು ತಾಸಿನ ಆಚೆ ಈಚೆ ಇರುವುದು ಸಾಗುವುದಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಗಂಡಸು ಪೇಷಂಟ್ ವಾರಕ್ಕೆ ಆರು ಸಲ ಟಿಕೆಟ್ ತೆಗೆಯಬೇಕು. ಡಯಾಲಿಸಿಸ್ ಮುಗಿದ ಮೇಲೆ ಬಿಪಿ ಇಳಿದು ಕಾಲು ಸೋತಿರುತ್ತದೆ, ತುಂಬಿದ ಬಸ್ಸಿನಲ್ಲಿ ನಿಂತು ಹೋಗಲು ಆಗುವುದಿಲ್ಲ. ಆಸ್ಪತ್ರೆಯಿಂದ ಬಸ್‌ಸ್ಟ್ಯಾಂಡಿಗೆ ಆಟೋ ಬೇಕು. ಜೊತೆಗೆ ಬಂದವರ ಆ ದಿನದ ಕೂಲಿ ಹೋಯಿತು. ಎಷ್ಟೋ ಮಂದಿ ಮೂರು ಸಲದ ಬದಲು ಎರಡೇ ಸಲ ಬರುತ್ತಾರೆ, ಕೇಳಿದರೆ "ಹೊಲದಾಗ ಕೆಲಸ ಇತ್ರಿ ಸಿಸ್ಟರ್" ಅನ್ನುತ್ತಾರೆ. ಕೆಲಸವಲ್ಲ, ಕಿಸೆಯಲ್ಲಿ ಆಟೋ ಚಾರ್ಜ್ ಇರಲಿಲ್ಲ. ನೀವು ದುಡ್ಡು ಕೂಡಿಸುವುದಾದರೆ ಓಡಾಟಕ್ಕೆ ಕೂಡಿಸಿ. ಎರಡು ಆಟೋದವರಿಗೆ ತಿಂಗಳ ಲೆಕ್ಕದಲ್ಲಿ ನೀವೇ ಕೊಟ್ಟುಬಿಡಿ, ಪೇಷಂಟ್ ಯಾರ ಮುಂದೆಯೂ ಕೈ ಚಾಚುವುದು ತಪ್ಪುತ್ತದೆ.

ದಯವಿಟ್ಟು ಹಣ್ಣು ಹಂಚಬೇಡಿ. ಸಂಘದವರು ಬಾಳೆಹಣ್ಣು, ಎಳನೀರು ತಂದು ಹಾಸಿಗೆ ಹಾಸಿಗೆಗೆ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ, ಕೆಲಸ ನಿಲ್ಲಿಸಿದ ಕಿಡ್ನಿ ಅದನ್ನು ಹೊರಹಾಕುವುದಿಲ್ಲ, ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು. ಕೊಟ್ಟವರು ಆ ಕಡೆ ಹೋದ ಮೇಲೆ ನಾವು ಒಬ್ಬೊಬ್ಬರ ತಲೆದಿಂಬಿನ ಕೆಳಗಿಂದ ಬಾಳೆಹಣ್ಣು ತೆಗೆದದ್ದಿದೆ. ಅಜ್ಜಿಯೊಬ್ಬರು "ಮೊಮ್ಮಗಗರ ಒಯ್ತೀನಿ ಬಿಡವ್ವಾ" ಅಂದಾಗ ಕೈ ಹಿಂದೆ ಬಂತು.

ಆಸ್ಪತ್ರೆ ಒಳಗೆ ಹಾಡುವುದು ಬೇಡ ಅಂತ ನನ್ನ ಅಭಿಪ್ರಾಯ. ಮಲಗಿದವರು ಎದ್ದು ಹೋಗುವಂತಿಲ್ಲ, ಕೇಳಲು ಮನಸ್ಸಿಲ್ಲದಿದ್ದರೂ ಕೇಳಬೇಕು. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಂಗಳದಲ್ಲಿ ಸ್ಪೀಕರ್ ಹಚ್ಚುವ ಮಾತೂ ಇಲ್ಲ.

ಪೇಷಂಟ್‌ಗಳೂ ಕೇಳಲು ಬರಲಿ ಅಂತಿದ್ದರೆ ಭಾನುವಾರ ಇಡಬೇಡಿ. ಸೋಮ-ಬುಧ-ಶುಕ್ರದವರಿಗೆ ಶುಕ್ರವಾರದಿಂದ ಸೋಮವಾರದವರೆಗೆ ದೊಡ್ಡ ಅಂತರ. ಭಾನುವಾರ ಸಂಜೆ ಮೈಯಲ್ಲಿ ನೀರು ತುಂಬಿ ಉಸಿರು ಭಾರವಾಗಿರುತ್ತದೆ. ಅವರಿಗೆ ಶನಿವಾರ ಹಗುರ.

ಇನ್ನೊಂದು. ಗಂಗೂಬಾಯಿ ಹಾನಗಲ್ 2009ರಲ್ಲಿ ಇದೇ ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರ ಕಣ್ಣು ದಾನವಾದವು. ಬೈಠಕ್‌ನಲ್ಲಿ ಯಾರಾದರೂ ಅದನ್ನು ನೆನಪಿಸಿ, ಅಂಗಾಂಗ ದಾನಕ್ಕೆ ರಾಜ್ಯದಲ್ಲಿ ಜೀವಸಾರ್ಥಕತೆ ಅಂತ ವ್ಯವಸ್ಥೆ ಇದೆ ಎಂದು ಹೇಳಲಿ. ಸತ್ತ ಆರು ತಾಸಿನೊಳಗೆ ಮನೆಯಲ್ಲೇ ಕಣ್ಣು ಕೊಡಬಹುದು. ಆದರೆ ಕಿಡ್ನಿ ಹಾಗಲ್ಲ, ಆಸ್ಪತ್ರೆಯಲ್ಲಿ ಮೆದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ಘೋಷಿಸಿದಾಗ ಮನೆಯವರು ಒಪ್ಪಬೇಕು. ಆ ಹೊತ್ತಿನಲ್ಲಿ ಯೋಚನೆ ಮಾಡಲು ಯಾರಿಗೂ ಶಕ್ತಿ ಇರುವುದಿಲ್ಲ. ಮೊದಲೇ ಮನೆಯಲ್ಲಿ ಮಾತಾಗಿರಬೇಕು.

ಖಾತೆ-ಕಿರ್ದಿ, ಧಾರವಾಡ

ಬ್ಯಾಂಕಿನಿಂದ ನಿವೃತ್ತ. ಹೋದ ವರ್ಷ ಕ್ಯೂಆರ್ ಕೋಡ್ ಯಾರ ಖಾತೆಯದು ಇಟ್ಟಿದ್ದಿರಿ? ನಿಮ್ಮದೇ ಆಗಿದ್ದರೆ ಈ ಸಲ ಹಾಗೆ ಮಾಡಬೇಡಿ. ನಾಳೆ ಯಾರೋ ಒಬ್ಬರು "ಲೆಕ್ಕ ತೋರಿಸು" ಎಂದರೆ ನಿಮ್ಮ ಕಿರಾಣಿ ಖರ್ಚೂ ಅದರಲ್ಲೇ ಕಾಣುತ್ತದೆ. ಮೊದಲೇ ನೋಂದಣಿಯಾದ, ದಾನಿಗೆ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ ಇರುವ ಟ್ರಸ್ಟ್ ಒಂದನ್ನು ಕೇಳಿ, ಹಣ ನೇರ ಅವರ ಖಾತೆಗೆ ಹೋಗಲಿ, ರಸೀದಿ ಅವರೇ ಕೊಡಲಿ. ದಾನಿಗೆ ತೆರಿಗೆ ವಿನಾಯಿತಿ ಬೇಕಿದ್ದರೆ ನಗದು 2,000 ರೂಪಾಯಿ ಮೀರಬಾರದು, ಮೀರಿದ್ದನ್ನು ಚೆಕ್ಕು ಅಥವಾ ಯುಪಿಐನಲ್ಲಿ ಕೊಡಲಿ.

ಹಾಡಿನ ಹಕ್ಕಿನ ಬಗ್ಗೆ ಯಾರೂ ಹೇಳಿಲ್ಲ. ವಚನಕಾರರ, ದಾಸರ ಪದಗಳಿಗೆ ಯಾರ ಅನುಮತಿಯೂ ಬೇಡ. ಶಿಶುನಾಳ ಶರೀಫರು 1889ರಲ್ಲಿ ಹೋದವರು, ಅವರ ಪದಗಳೂ ಎಲ್ಲರವು. ಆದರೆ ಸಿ. ಅಶ್ವತ್ಥ್ ಹಾಕಿದ ಧಾಟಿಯಲ್ಲೇ ಹಾಡಿದರೆ ಆ ಸಂಗೀತಕ್ಕೆ ಹಕ್ಕು ಇದೆ. ಬೇಂದ್ರೆ ಅಜ್ಜ ನಮ್ಮ ಸಾಧನಕೇರಿಯವರೇ ಆದರೂ, 1981ರಲ್ಲಿ ತೀರಿಕೊಂಡದ್ದರಿಂದ ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಸಿನಿಮಾ ಹಾಡೂ ಅಷ್ಟೇ. ಧರ್ಮಾರ್ಥ ಎಂದ ಮಾತ್ರಕ್ಕೆ ಟಿಕೆಟ್ ಇಟ್ಟ ಕಾರ್ಯಕ್ರಮಕ್ಕೆ ವಿನಾಯಿತಿ ಸಿಗುವುದಿಲ್ಲ. ನಿಮ್ಮ ಸ್ವಂತ ಧಾಟಿಯ ತತ್ವಪದ, ನಿಮ್ಮದೇ ಹಾಡು ಇರುವಾಗ ಬೇರೆ ಯಾಕೆ?

ಕೇಶ್ವಾಪುರ ಸೌಂಡ್

ಬೈಠಕ್‌ನಾಗ ಹಿಂದ ಕುಂತವರಿಗೆ ಕೊಳಲು ಕೇಳಸ್ತೈತಿ, ಗಿಟಾರ್ ಕೇಳಸಂಗಿಲ್ಲ ಅಣ್ಣಾ. ಸಣ್ಣದೊಂದು ಬಾಕ್ಸ್ ಐತಿ ನನ್ನ ಕಡೆ, ಒಂದ ಕೈಯಾಗ ಹಿಡಕೊಂಡು ಬರ್ತೀನಿ. ರೊಕ್ಕ ಬ್ಯಾಡ. ನಮ್ಮ ಅವ್ವನೂ ನಾಲ್ಕು ವರ್ಷ ಆ ಮಷೀನಿಗೆ ಹೋಗ್ಯಾಳ.

ಉಣಕಲ್ಲ ಗಿಟಾರ್

ಎಲ್ಲಾರದೂ ಓದಿದೆ, ಸಿಸ್ಟರ್ ಅವರದು ಮೂರು ಸಲ ಓದಿದೆ. ನಾವೂ ಬಾಳೆಹಣ್ಣು ತಗೊಂಡು ಹೋಗೋದು ಅಂತ ಮಾತಾಡಿಕೊಂಡಿದ್ವಿ. ನೀವು ಹೇಳದಿದ್ರ ಏನಾಗತಿತ್ತೋ.

ಈಗ ಆಗಿದ್ದು ಇಷ್ಟು. ಮಾಳಮಡ್ಡಿಯೊಳಗ ಕೊಳಲಿನವಳ ಸೋದರತ್ತಿ ಮನಿ, ದೊಡ್ಡ ಪಡಸಾಲಿ, ಅವರು ಒಪ್ಯಾರ. ಶನಿವಾರ ಸಂಜಿ ಆರಕ್ಕ ಶುರು, ಎಂಟೂವರೆಗೆ ಮುಗಸೋದು. ಆಟೋದವರು ಇಬ್ಬರು ಗೊತ್ತಾಗ್ಯಾರ, ಒಬ್ಬರು ಅರ್ಧ ಚಾರ್ಜ್ ಸಾಕು ಅಂದ್ರು. ಟ್ರಸ್ಟಿನವರ ಜೋಡಿ ಸೋಮವಾರ ಮಾತಾಡೋದೈತಿ. ಸ್ಟೇಜ್ ಇಲ್ಲ, ಚೆಕ್ಕಿಲ್ಲ, ಯಾರ ಹೆಸರೂ ಓದಂಗಿಲ್ಲ. ಮಾಸ್ತರ್ರೇ, ನೀವು ಪೇಟಿ ತಗೊಂಡು ಬರಲೇಬೇಕು, ನಮ್ಮ ಕೀಬೋರ್ಡಿನಾಂವ ನಿಮ್ಮ ಕಡೆ ಕಲೀತೀನಿ ಅಂತ ಕುಂತಾನ.

ತಬಲಾದಾಂವಗ ಲಕೋಟಿ ಕೊಡಾಕ ಹೋದ್ರ ಮೊದಲು ಬ್ಯಾಡ ಅಂದ. ಮಾಸ್ತರ್ರು ಬರದದ್ದು ಓದಿಸಿದೆ, ಸುಮ್ಮನ ಇಸಗೊಂಡ. ಅವರಪ್ಪ ಬರ್ತಾರಂತ. ಬಾಗಲ ಹತ್ತಿರ, ಗ್ವಾಡಿಗೆ ಬೆನ್ನು ಹಚ್ಚಿ ಕುಂಡ್ರಾಕ ಜಾಗ ಇಡು ಅಂದಾರ, ಮತ್ತ ಭೈರವಿಯೊಳಗ ಒಂದು ಪದ ಬೇಕಂತ.

ಇವತ್ತ ರಾತ್ರಿ ಅದನ್ನ ಕುಂತು ಹಚ್ಚಬೇಕು.