ಮೆಟಲ್ ವಾಲ್ವ್ ಇದೆ, ಜ್ವರ ಬಿಡ್ತಿಲ್ಲ, ಎಕೋ ನಾರ್ಮಲ್: ಎಂಡೋಕಾರ್ಡೈಟಿಸ್ (ಹೃದಯದ ಒಳಪದರ, ಕವಾಟಗಳ ಸೋಂಕು) ಅಲ್ಲ ಅನ್ನಬಹುದಾ?

ಮೆಡಿಸಿನ್ ಪಿಜಿ:
ರುಮ್ಯಾಟಿಕ್ ಕಾಯಿಲೆಯಿಂದ ಹಾಳಾದ ಮೈಟ್ರಲ್ ಕವಾಟ ತೆಗೆದು ಮೆಟಲ್ ವಾಲ್ವ್ ಹಾಕಿದ್ದಾರೆ. ಮೂರು ವಾರದಿಂದ ಜ್ವರ. ಎದೆ ಮೇಲಿನ ಎಕೋದಲ್ಲಿ ‘ವೆಜಿಟೇಶನ್ (ಕವಾಟಕ್ಕೆ ಅಂಟಿದ ಸೋಂಕಿನ ಗಂಟು) ಕಾಣಲಿಲ್ಲ’ ಅಂತ ರಿಪೋರ್ಟ್. ಆಂಟಿಬಯೋಟಿಕ್ ಇನ್ನೂ ಕೊಟ್ಟಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನಡೀತಿದೆ.

ಹೃದ್ರೋಗ ತಜ್ಞ:
ಅನ್ನೋ ಹಾಗಿಲ್ಲ. ಲೋಹ ಅಲ್ಟ್ರಾಸೌಂಡನ್ನು ಮುಂದೆ ಬಿಡುವುದಿಲ್ಲ. ಎದೆಯಿಂದ ನೋಡಿದಾಗ ಅದರ ನೆರಳು ಎಡ ಏಟ್ರಿಯಂ (ಹೃದಯದ ಮೇಲಿನ ಕೋಣೆ) ಮೇಲೇ ಬೀಳುತ್ತದೆ. ಮೈಟ್ರಲ್ ವೆಜಿಟೇಶನ್ ಹೆಚ್ಚಾಗಿ ಕೂರುವುದೂ ಆ ಕಡೆಗೇ. ಸ್ವಂತ ಕವಾಟದಲ್ಲಿ ಎದೆ ಎಕೋ ಸುಮಾರು 70% ಹಿಡಿಯುತ್ತದೆ, ಕೃತಕ ಕವಾಟದಲ್ಲಿ 50% ಅಷ್ಟೇ. ಟಿಇಇ (ಅನ್ನನಾಳದೊಳಗೆ ಪ್ರೋಬ್ ಇಳಿಸಿ ಮಾಡುವ ಎಕೋ) ಮಾಡಿಸಿ. ಅನ್ನನಾಳ ಏಟ್ರಿಯಂನ ಬೆನ್ನಿಗೇ ಇರುವುದರಿಂದ ನೆರಳು ವೆಂಟ್ರಿಕಲ್ (ಕೆಳಗಿನ ಕೋಣೆ) ಕಡೆ ಸರಿಯುತ್ತದೆ. ಅದೂ ನಾರ್ಮಲ್ ಬಂದು ಅನುಮಾನ ಉಳಿದರೆ 5–7 ದಿನ ಬಿಟ್ಟು ಮತ್ತೆ ಮಾಡಿ. ಹೊಲಿಗೆ ರಿಂಗ್ (ವಾಲ್ವನ್ನು ಹೃದಯಕ್ಕೆ ಹೊಲಿದಿರುವ ಬಳೆ) ಸುತ್ತಲ ಕೀವು ಶುರುವಿನಲ್ಲಿ ಬರೀ ದಪ್ಪಗಾದಂತೆ ಕಾಣುತ್ತದೆ, ಸುಲಭವಾಗಿ ತಪ್ಪಿಹೋಗುತ್ತದೆ.

ಎಕೋ ಟೆಕ್ನಿಷಿಯನ್:
ಸೆಕ್ಟರ್ (ಎಕೋ ಚಿತ್ರದ ಅಗಲ) ಕಿರಿದು ಮಾಡಿ, ಡೆಪ್ತ್ ಇಳಿಸಿ, ಝೂಮ್ ಹಾಕಿ. ಫ್ರೇಮ್ ರೇಟ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಏರದಿದ್ದರೆ ಸಣ್ಣ ವೆಜಿಟೇಶನ್ ಅಲುಗುವುದು ಕಾಣುವುದೇ ಇಲ್ಲ. ಟಿಇಇಯಲ್ಲಿ 0ಯಿಂದ 180 ಡಿಗ್ರಿವರೆಗೆ ನಿಧಾನಕ್ಕೆ ತಿರುಗಿಸುತ್ತಾ ಇಡೀ ರಿಂಗ್ ನೋಡಿ, ಮತ್ತೆ ರಕ್ತದ ಹರಿವು ತೋರಿಸುವ ಕಲರ್ ಡಾಪ್ಲರ್ ಹಾಕಿ ರಿಂಗ್ ಪಕ್ಕ ಸೋರಿಕೆ ಇದೆಯಾ ಹುಡುಕಿ. ಮೆಟಲ್ ವಾಲ್ವ್ ಹತ್ತಿರ ಮಿಂಚಿ ಮಾಯವಾಗುವ ಗುಳ್ಳೆಗಳು ಸಹಜ, ಗಾಬರಿ ಬೇಡ. ಹೊಲಿಗೆ ದಾರ, ಫೈಬ್ರಿನ್ ಎಳೆ, ಹೆಪ್ಪುಗಟ್ಟಿದ ರಕ್ತ ಮೂರೂ ವೆಜಿಟೇಶನ್ ಥರ ಕಾಣಬಹುದು. ಆಪರೇಷನ್ ಆದಮೇಲಿನ ಹಳೇ ಎಕೋ ಕ್ಲಿಪ್ ಪಕ್ಕದಲ್ಲಿಟ್ಟು ಹೋಲಿಸಿ. ಬರೀ ರಿಪೋರ್ಟ್ ಹಾಳೆ ಸಾಲದು.

ಮೈಕ್ರೋಬಯಾಲಜಿ:
ಟಿಇಇ ಸ್ಲಾಟಿಗೆ ಕಾಯುತ್ತಾ ಬ್ಲಡ್ ಕಲ್ಚರ್ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮುಂದೂಡಬೇಡಿ. ಬೇರೆ ಬೇರೆ ರಕ್ತನಾಳದಿಂದ, ಅರ್ಧ ಗಂಟೆ ಅಂತರದಲ್ಲಿ ಮೂರು ಸೆಟ್, ಬಾಟಲಿಗೆ 10 ಎಂಎಲ್. ಒಂದು ಡೋಸ್ ಆಂಟಿಬಯೋಟಿಕ್ ಮೊದಲು ಹೋದರೂ ಕಲ್ಚರ್ ಬೆಳೆಯದೇ ಇರಬಹುದು. ರಕ್ತದೊತ್ತಡ ಕುಸಿದು ಶಾಕ್‌ನಲ್ಲಿದ್ದರೆ ಮಾತ್ರ ಅಂತರ ನೋಡದೆ ಬೇಗ ಬೇಗ ತೆಗೆದು ಔಷಧಿ ಶುರು ಮಾಡಿ.

ಮೆಡಿಸಿನ್ ಪಿಜಿ:
ಕಲ್ಚರ್ ಈಗಲೇ ಕಳಿಸ್ತೀನಿ. ಸರ್, ಟಿಇಇಗೆ ವಾರ್ಫರಿನ್ ನಿಲ್ಲಿಸಬೇಕಾ?

ಹೃದ್ರೋಗ ತಜ್ಞ:
ಐಎನ್ಆರ್ (ರಕ್ತ ಹೆಪ್ಪುಗಟ್ಟುವಿಕೆ ಅಳೆಯುವ ಪರೀಕ್ಷೆ) ಇರಬೇಕಾದ ಮಿತಿಯಲ್ಲಿದ್ದರೆ ಬೇಡ. ನುಂಗಲು ಕಷ್ಟವಿದೆಯಾ, ಹಿಂದೆ ರಕ್ತವಾಂತಿ ಆಗಿತ್ತಾ ಕೇಳಿ. ಆರು ಗಂಟೆ ಖಾಲಿ ಹೊಟ್ಟೆ. ಮುಗಿದ ಮೇಲೆ ಗಂಟಲಿನ ಮರಗಟ್ಟುವಿಕೆ ಪೂರ್ತಿ ಹೋಗುವವರೆಗೂ ನೀರೂ ಕೊಡಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.