ನೆಲದ ಮೇಲೆ ಕೂತ್ರೆ ಏಳೋಕಾಗ್ತಿಲ್ಲ, 52ಕ್ಕೇ ಹಿಂಗಾ?

ಕೋಲಾರ_ಕುರ್ಚಿ:
ಎಲ್ರಿಗೂ ನಮಸ್ಕಾರ. ನಂಗೆ 52, ಕೋಲಾರದಲ್ಲೇ ಆಫೀಸ್ ಕೆಲಸ, ದಿನಾ ಎಂಟೊಂಬತ್ತು ಗಂಟೆ ಕುರ್ಚಿ. ಹೋದ ವಾರ ವೇಮಗಲ್ ಕಡೆ ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ವಿ, ನೆಲದ ಮೇಲೇ ಪಂಕ್ತಿ ಹಾಕಿದ್ರು. ಚಕ್ಕಳಮಕ್ಕಳ ಹಾಕೋಕೆ ಹೋದ್ರೆ ಮಂಡಿ ಎರಡೂ ಗಾಳೀಲಿ ನಿಂತವೆ, ಎಲೆ ದೂರ, ಬಗ್ಗಿದ್ರೆ ಹೊಟ್ಟೆ ಅಡ್ಡ, ಹೆಂಗೋ ಅನ್ನ ಸಾರು ಮುಗಿಸಿ ಏಳೋಣ ಅಂದ್ರೆ ಕಾಲು ಜೋಮು ಹಿಡಿದುಬಿಟ್ಟಿದೆ, ಬಡಿಸ್ತಿದ್ದ ಹುಡುಗ ಸಾಂಬಾರ್ ಬಕೆಟ್ ಕೆಳಗಿಟ್ಟು ಕೈ ಕೊಟ್ಟು ಎಬ್ಬಿಸಿದ. ಮರ್ಯಾದೆ ಹೋಯ್ತು. ಮನೆಗೆ ಬಂದ್ರೆ ನಮ್ಮಮ್ಮ, 78 ವರ್ಷ, ಚಾಪೆ ಮೇಲೆ ಕಾಲು ಮಡಚಿ ಕೂತು ನೆನೆಸಿದ ಅವರೆಕಾಳು ಹಿತುಕ್ತಾ ಇದಾರೆ, ಒಂದು ಪಾತ್ರೆ ತುಂಬೋವರ್ಗೂ ಅಲ್ಲಾಡಲಿಲ್ಲ, ಆಮೇಲೆ ನೆಲಕ್ಕೆ ಒಂದೇ ಕೈ ಊರಿ ಎದ್ದು ಸ್ಟೌ ಹತ್ರ ಹೋದ್ರು!
ನಮ್ಮಾವ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ಬಿಡಪ್ಪ ಅಂತ ನಕ್ರು. ನಿಜಾನಾ? ಈ ವಯಸ್ಸಲ್ಲಿ ಮೈ ಮತ್ತೆ ಸಡಿಲ ಆಗುತ್ತಾ? ದಿನಾ ಅರ್ಧ ಗಂಟೆ ವಾಕಿಂಗ್ ಮಾಡ್ತೀನಿ, ಅದು ಸಾಲಲ್ವಾ?

ನರಸಾಪುರ_ತಾತ:
ಆ ಗಾದೆ ಮಕ್ಕಳಿಗೆ ಬುದ್ಧಿ ಕಲಿಸೋಕೆ ಇರೋದು ಕಣಪ್ಪ, ಮಂಡಿಗಲ್ಲ. ನಮ್ಮ ಪಕ್ಕದ ಬೆಳ್ಳೂರಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಗೊತ್ತಲ್ಲ, ಯೋಗದವರು. ಫ್ಲೂ ಹಬ್ಬಿದ್ದ ಕಾಲದಲ್ಲಿ ಹುಟ್ಟಿ, ಆಮೇಲೆ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಅನುಭವಿಸಿ, ಮೈಸೂರಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ರ ಕಲಿಯೋಕೆ ಹೋದಾಗ ಕಡ್ಡಿ ಮೈ, ಅದೂ ಬಗ್ಗದ ಮೈ. 2014ರಲ್ಲಿ 95 ವಯಸ್ಸಲ್ಲಿ ತೀರ್ಕೊಂಡ್ರು, ಎಂಬತ್ತು ದಾಟಿದ ಮೇಲೂ ಆಸನ ಬಿಟ್ಟಿರಲಿಲ್ಲ. ಬಗ್ಗದೇ ಇರೋರಿಗೆ ಅಂತಲೇ ಕುರ್ಚಿ, ಬೆಲ್ಟು, ಕಂಬಳಿ, ಮರದ ಇಟ್ಟಿಗೆ ಎಲ್ಲಾ ಇಟ್ಕೊಂಡು ಹೇಳಿಕೊಟ್ಟಿದ್ದು ಅವರೇ. ನಿನ್ನ ಕುರ್ಚೀನೇ ಹಿಡ್ಕೊಂಡು ಶುರು ಮಾಡು.
ನಂಗೀಗ 71. ಮನೇಲಿ ಮಗ ಕಮೋಡ್ ಹಾಕಿಸಿದ್ದೇ ಹಾಕಿಸಿದ್ದು, ಎರಡೇ ವರ್ಷಕ್ಕೆ ಕುಕ್ಕರುಗಾಲಲ್ಲಿ ಕೂರೋದು ಮರೆತೇ ಹೋಗಿತ್ತು. ಈಗ ಬೆಳಿಗ್ಗೆ ಕಿಟಕಿ ಸರಳು ಹಿಡ್ಕೊಂಡು ಹತ್ತು ಸಲ ಅರ್ಧಕ್ಕೆ ಕೂತು ಏಳ್ತೀನಿ, ಮೊಮ್ಮಗಳು ಎಣಿಸ್ತಾಳೆ, ಏಳಕ್ಕೆ ನಿಲ್ಸಿದ್ರೆ ಬೈತಾಳೆ.

ಫಿಸಿಯೋ_ಮಾಲೂರು:
ಸಾರ್, ಸಡಿಲ ಆಗುತ್ತೆ, ಆದ್ರೆ ನಿಧಾನ. ವಯಸ್ಸಾಗ್ತಾ ಸ್ನಾಯು, ಸ್ನಾಯುರಜ್ಜು (ಸ್ನಾಯುನ ಮೂಳೆಗೆ ಕಟ್ಟಿರೋ ಹುರಿ) ಒಳಗಿನ ಕೊಲಾಜೆನ್ ಅನ್ನೋ ಪ್ರೋಟೀನ್ ಎಳೆಗಳು ಒಂದಕ್ಕೊಂದು ಬೆಸೆದು ಬಿಗಿಯಾಗ್ತವೆ, ಅದರ ಮೇಲೆ ನೀವು ದಿನಾ ಎಂಟು ಗಂಟೆ ಸೊಂಟ ಮಡಚೇ ಇಟ್ರೆ ತೊಡೆ ಮುಂದಿನದು ಹಿಂದಿನದು ಎರಡೂ ಗಿಡ್ಡ ಆದಂಗೆ ಆಗುತ್ತೆ. ವಾಕಿಂಗ್ ಹೃದಯಕ್ಕೆ ಒಳ್ಳೇದು, ಆದ್ರೆ ನಡೆಯೋವಾಗ ಮಂಡಿ, ಸೊಂಟ ಪೂರ್ತಿ ಮಡಚೋ ಪ್ರಸಂಗವೇ ಬರಲ್ಲ.
ಮೊದ್ಲು ಐದು ನಿಮಿಷ ಓಡಾಡಿ ಮೈ ಬೆಚ್ಚಗೆ ಮಾಡ್ಕೊಳಿ. ಆಮೇಲೆ ಎಳೆತ ಬಂದ ಕಡೆ ನಿಲ್ಸಿ 30 ಸೆಕೆಂಡ್ ಹಿಡೀರಿ, ವಯಸ್ಸಾದೋರು 60 ಸೆಕೆಂಡ್ ತನಕ ಹಿಡಿದ್ರೆ ಇನ್ನೂ ಒಳ್ಳೇದು. ಎಳೆತ ಇರ್ಲಿ, ನೋವು ಬೇಡ, ಕುಪ್ಪಳಿಸಿ ಬಗ್ಗಬೇಡಿ, ಉಸಿರು ಕಟ್ಟಬೇಡಿ. ಮೂಳೆ ಟೊಳ್ಳಾಗಿದೆ (ಆಸ್ಟಿಯೊಪೊರೋಸಿಸ್) ಅಂತ ಡಾಕ್ಟರ್ ಹೇಳಿರೋರು ಮುಂದಕ್ಕೆ ಬೆನ್ನು ಬಗ್ಗಿಸೋ ಆಸನ ಡಾಕ್ಟರ್ ಕೇಳದೆ ಮಾಡ್ಲೇಬಾರದು. ಬೆಳಿಗ್ಗೆ ಎದ್ದಾಗ ಗಂಟೆಗಟ್ಟಲೆ ಕೀಲು ಬಿಗಿ ಇದ್ರೆ ಅದು ಬೇರೆ ಕಥೆ, ತೋರಿಸಿ.
ಬ್ರೆಜಿಲ್ ಡಾಕ್ಟರ್‌ಗಳು ಮಾಡಿದ, ನೆಲದ ಮೇಲೆ ಕೂತು ಏಳೋ ಪರೀಕ್ಷೆ ಒಂದಿದೆ, ಕೂರೋಕೆ 5, ಏಳೋಕೆ 5, ಕೈಯೋ ಮಂಡಿಯೋ ಊರಿದ್ರೆ ಸಲಕ್ಕೆ ಒಂದು ಪಾಯಿಂಟ್ ಕಟ್, ತೂರಾಡಿದ್ರೆ ಅರ್ಧ. 51ರಿಂದ 80 ವಯಸ್ಸಿನ 2,002 ಜನರನ್ನ ನೋಡಿ 2012ರಲ್ಲಿ ಹೇಳಿದ್ದು, ಕಮ್ಮಿ ಪಾಯಿಂಟ್ ಬಂದೋರಲ್ಲಿ ಮುಂದಿನ ವರ್ಷಗಳಲ್ಲಿ ತೀರ್ಕೊಂಡೋರು ಜಾಸ್ತಿ ಅಂತ. ಹೆದರಬೇಡಿ, ಅದು ಬರೀ ಬಗ್ಗೋದರ ಲೆಕ್ಕ ಅಲ್ಲ, ಕಾಲಿನ ಶಕ್ತಿ, ಬ್ಯಾಲೆನ್ಸು, ತೂಕ ಎಲ್ಲಾ ಸೇರಿದ್ದು. ಮಾಡೋದಾದ್ರೆ ಪಕ್ಕದಲ್ಲಿ ಯಾರಾದ್ರೂ ಇರ್ಲಿ.

ಮುಳಬಾಗಿಲು_ತೋಟ:
ಎಲ್ಲಾ ಸರಿ ಸಾರ್, ಆದ್ರೆ ನಮ್ಮ ತೋಟಕ್ಕೆ ಟೊಮೇಟೊ ಕೀಳೋಕೆ ಬರೋ ಹೆಂಗಸ್ರು ಬೆಳಿಗ್ಗೆಯಿಂದ ಬಗ್ಗೇ ಇರ್ತಾರೆ, ಅವ್ರಿಗೇ ಯಾಕೆ ನಲವತ್ತಕ್ಕೇ ಸೊಂಟ ನೋವು? ಬಗ್ಗೋದೇ ಔಷಧಿ ಆಗಿದ್ರೆ ಅವ್ರು ಜಿಮ್ನಾಸ್ಟ್‌ಗಳಾಗಬೇಕಿತ್ತು.

ಫಿಸಿಯೋ_ಮಾಲೂರು:
ಒಳ್ಳೆ ಪ್ರಶ್ನೆ. ಅವ್ರು ಒಂದೇ ದಿಕ್ಕಿಗೆ, ದಿನವಿಡೀ, ಕ್ರೇಟ್ ಭಾರ ಎತ್ಕೊಂಡು ಬಗ್ತಾರೆ. ಅದು ದುಡಿಮೆ, ವ್ಯಾಯಾಮ ಅಲ್ಲ. ಅರ್ಧ ಗಂಟೆಗೊಂದ್ಸಲ ನೇರ ನಿಂತು ಸೊಂಟದ ಮೇಲೆ ಕೈ ಇಟ್ಟು ಮೆಲ್ಲಗೆ ಹಿಂದಕ್ಕೆ ವಾಲೋಕೆ ಹೇಳಿ, ಕೂಲಿ ಕಟ್ ಮಾಡಬೇಡಿ ಅಷ್ಟೇ 🙂

ಚಿಂತಾಮಣಿ_ಆಂಟಿ:
ನಂಗೆ 58, ಶುಗರ್ ಇದೆ, ಎರಡು ವರ್ಷದ ಹಿಂದೆ ಎಡಭುಜ ಹಿಡ್ಕೊಳ್ತು, ಫ್ರೋಜನ್ ಶೋಲ್ಡರ್ ಅಂದ್ರು, ಶುಗರ್ ಇರೋರಿಗೆ ಜಾಸ್ತಿ ಬರುತ್ತಂತೆ. ಜಡೆ ಹಾಕ್ಕೊಳೋಕಾಗ್ತಿರ್ಲಿಲ್ಲ, ದೇವರ ಮನೆ ಶೆಲ್ಫಿಂದ ಅರಿಶಿನದ ಡಬ್ಬಿ ತೆಗಿಯೋಕೂ ಸೊಸೇನ ಕರೀಬೇಕು. ಯಾರೋ ಹೇಳಿದ್ರು ಅಂತ ಒಂದು ಯೋಗ ಕ್ಲಾಸಿಗೆ ಹೋದ್ರೆ ಅಲ್ಲಿ ಕಲಿಸೋರು ಹಿಂದಿನಿಂದ ಕೈ ಹಿಡಿದು ಮೇಲಕ್ಕೆ ತಳ್ಳಿಬಿಟ್ರು, ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಆಮೇಲೆ ಫಿಸಿಯೋ ಹೇಳಿದ್ದು ಗೋಡೆ ಮೇಲೆ ಬೆರಳಲ್ಲಿ ಹತ್ತೋದು ಅಷ್ಟೇ. ಅಡುಗೆಮನೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕ್ತಿದ್ದೆ, ವಾರಕ್ಕೆ ಒಂದು ಬೆರಳಗಲ ಏರಿದ್ರೆ ಹೆಚ್ಚು, ಕೆಲವು ವಾರ ಗೆರೆ ಮೇಲೇ ಗೆರೆ. ಹತ್ತು ತಿಂಗಳಾಯ್ತು ಜಡೆ ಹಾಕ್ಕೊಳೋಕೆ. ಮೊನ್ನೆ ಪೇಂಟ್ ಮಾಡೋರು ಅಳಿಸ್ಲಾ ಅಮ್ಮ ಅಂದಾಗ ಅಷ್ಟು ಜಾಗ ಬಿಟ್ಬಿಡಪ್ಪ ಅಂದೆ. ಅದಕ್ಕೇ ನೀವು ಆತುರ ಪಡಬೇಡಿ ಅಣ್ಣ, ಯಾರ ಕೈಲೂ ತಳ್ಳಿಸ್ಕೊಬೇಡಿ.

ಕೋಲಾರ_ಕುರ್ಚಿ:
ಎಲ್ರಿಗೂ ಥ್ಯಾಂಕ್ಸ್. ಹೆಂಡತೀನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಪರೀಕ್ಷೆ ಮಾಡ್ದೆ, 10ಕ್ಕೆ ನಾಲ್ಕೂವರೆ, ಅದ್ರಲ್ಲೂ ಅರ್ಧ ಕೃಪಾಂಕ ಅಂತಾಳೆ. ಅಮ್ಮ ನೋಡ್ತಾ ಇದ್ದೋರು, ಒಂದೇ ಸಲ ನೆಲಕ್ಕೆ ಯಾಕೋ ಬೀಳ್ತೀಯ, ಮೊದ್ಲು ಮಣೆ ಮೇಲೆ ಕೂತು ಊಟ ಮಾಡು, ರೂಢಿ ಆದ್ಮೇಲೆ ಚಾಪೆ ಅಂದ್ರು. ಫಿಸಿಯೋ ಸಾರ್, ಇದು ಸರೀನಾ? ಮಣೆ ಏನೋ ಇದೆ, ಅಟ್ಟದ ಮೇಲೆ. ಇಳಿಸೋಕೆ ಹೋದೆ, ಈಗ ಭುಜ ಹಿಡ್ಕೊಂಡಿದೆ.